ಗುಡುಗಿನ ಮೋಡ, ದಾರಿಹೋಕನ ಕಣ್ಣು



ಗುಡುಗುಮಳೆಯ ಬಗ್ಗೆ ಇಂದು ನಮಗಿರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಬಂದದ್ದು ದಾರಿಯಲ್ಲಿದ್ದವರಿಂದ. ಹಡಗಿನ ನಾವಿಕರು, ಕುದುರೆ ಸವಾರರು, ವಿಮಾನ ಚಾಲಕರು, ಕಾರು ಹತ್ತಿ ಮೋಡದ ಬೆನ್ನುಬಿದ್ದ ಹವ್ಯಾಸಿಗಳು ಕಂಡದ್ದನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗಲೆಲ್ಲ ಶಾಸ್ತ್ರ ಒಂದು ಹೆಜ್ಜೆ ಮುಂದಿಟ್ಟಿದೆ. ರೇಡಾರ್, ಉಪಗ್ರಹಗಳು ಬಂದ ಮೇಲೆ ಇವರ ಕೆಲಸ ಮುಗಿಯಿತು ಎಂದು ಹಲವರು ಭಾವಿಸಿದ್ದಾರೆ. ಮುಗಿದಿಲ್ಲ, ನಮ್ಮ ಬಯಲುಸೀಮೆಯಲ್ಲಂತೂ ಅದಕ್ಕೆ ಇನ್ನೂ ಬೇಕಾದಷ್ಟು ಜಾಗವಿದೆ ಎಂಬುದು ನನ್ನ ವಾದ.

ಇದಕ್ಕೆ ಕಾರಣ ಮೋಡದ ಸ್ವಭಾವದಲ್ಲೇ ಇದೆ. ಸಾಮಾನ್ಯ ಗುಡುಗು ಮೋಡದ ಒಂದು ಘಟಕ 5ರಿಂದ 10 ಕಿಲೋಮೀಟರ್ ಅಗಲ ಇರುತ್ತದೆ. ಹುಟ್ಟಿ, ಬೆಳೆದು, ಸುರಿದು, ಕರಗುವಷ್ಟರಲ್ಲಿ ಹೆಚ್ಚೆಂದರೆ ಒಂದು ಗಂಟೆ ಕಳೆದಿರುತ್ತದೆ. ಮನೆಯ ಜಗಲಿಯಲ್ಲಿ ನಿಂತವರಿಗೆ ಸಿಗುವುದು ಅದರ ಹೊಟ್ಟೆ ಮಾತ್ರ: ಕತ್ತಲೆ, ಗಾಳಿ, ಮಳೆ, ಸದ್ದು. ಮೋಡದ ಆಕಾರ ಅವರಿಗೆ ಕಾಣುವುದಿಲ್ಲ, ಏಕೆಂದರೆ ಅವರು ಅದರ ಅಡಿಯಲ್ಲೇ ಇದ್ದಾರೆ. 50 ಕಿಲೋಮೀಟರ್ ದೂರದಲ್ಲಿ ನಿಂತವರಿಗೆ ಆಕಾರ ಪೂರ್ತಿ ಕಾಣುತ್ತದೆ, ಆದರೆ ಅದರ ಕೆಳಗೆ ನೆಲದ ಮೇಲೆ ಏನಾಗುತ್ತಿದೆ ಎಂಬುದು ತಿಳಿಯದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸಿನಲ್ಲಿ ಕುಳಿತವರು ಮೊದಲನೆಯದನ್ನೂ ಎರಡನೆಯದನ್ನೂ ಒಂದೇ ತಾಸಿನೊಳಗೆ ನೋಡಿಬಿಡುತ್ತಾರೆ. ರಾತ್ರಿ ರೈಲಿನವರ ಅವಕಾಶ ಇನ್ನೂ ದೊಡ್ಡದು. ಗುಡುಗು ಸಾಮಾನ್ಯವಾಗಿ 15 ಕಿಲೋಮೀಟರಿನ ಆಚೆಗೆ ಕೇಳಿಸುವುದಿಲ್ಲ. ಮಿಂಚಿನ ಬೆಳಕು ಮಾತ್ರ ಕತ್ತಲಲ್ಲಿ 100 ಕಿಲೋಮೀಟರಿಗೂ ಹೆಚ್ಚು ದೂರದಿಂದ ಕಾಣುತ್ತದೆ. ದಿಗಂತದಲ್ಲಿ ಸದ್ದಿಲ್ಲದೆ ಮಿಂಚುತ್ತಿರುವುದು ಬರೀ ಸೆಕೆಯ ಲಕ್ಷಣವೆಂದು ಹೇಳುವವರಿದ್ದಾರೆ. ವಾಸ್ತವವಾಗಿ ಅದು ಮತ್ಯಾವುದೋ ತಾಲ್ಲೂಕಿನಲ್ಲಿ ಸುರಿಯುತ್ತಿರುವ ಮಳೆ.

ಬೆಂಜಮಿನ್ ಫ್ರಾಂಕ್ಲಿನ್ ಎಂದರೆ ಗಾಳಿಪಟದ ಪ್ರಯೋಗ ನೆನಪಾಗುತ್ತದೆ. ಅದಕ್ಕಿಂತ ಸುಮಾರು 9 ವರ್ಷ ಹಿಂದೆ, 1743ರಲ್ಲಿ, ಅವರು ಫಿಲಡೆಲ್ಫಿಯಾದಲ್ಲಿ ಚಂದ್ರಗ್ರಹಣ ನೋಡಲು ಕಾದಿದ್ದರು. ಈಶಾನ್ಯದಿಂದ ಬಿರುಗಾಳಿ ಬೀಸಿ ಮೋಡ ಮುಚ್ಚಿ ಗ್ರಹಣ ಕಾಣಲಿಲ್ಲ. ಬಾಸ್ಟನ್ ಇರುವುದು ಅಲ್ಲಿಂದ ಈಶಾನ್ಯಕ್ಕೇ. ಹಾಗಾಗಿ ಅಲ್ಲಿ ಬಿರುಗಾಳಿ ಇನ್ನೂ ಮೊದಲೇ ಬಂದಿರಬೇಕೆಂದು ಅವರ ಎಣಿಕೆ. ಬಾಸ್ಟನ್ನಿನಿಂದ ಬಂದ ಸುದ್ದಿ ಬೇರೆಯೇ ಹೇಳಿತು: ಅಲ್ಲಿ ಗ್ರಹಣ ಚೆನ್ನಾಗಿ ಕಂಡಿತ್ತು, ಬಿರುಗಾಳಿ ತಲುಪಿದ್ದು ಆಮೇಲೆ. ಗಾಳಿ ಬೀಸುವ ದಿಕ್ಕು ಒಂದು, ಬಿರುಗಾಳಿ ಸಾಗುವ ದಿಕ್ಕು ಇನ್ನೊಂದು ಎಂಬ ದೊಡ್ಡ ಸಂಗತಿ ಹೊಳೆದದ್ದು ಹೀಗೆ ಎರಡು ಊರಿನ ವೇಳೆಗಳನ್ನು ಹೋಲಿಸಿದ್ದರಿಂದ. 1755ರಲ್ಲಿ ಮೇರಿಲ್ಯಾಂಡಿನ ಹಾದಿಯಲ್ಲಿ ಸುಂಟರಗಾಳಿಯೊಂದು ಕಂಡಾಗ ಜೊತೆಯವರು ನಿಂತು ನೋಡಿದರು. ಫ್ರಾಂಕ್ಲಿನ್ ಕುದುರೆಯನ್ನು ಅದರ ಪಕ್ಕಕ್ಕೇ ಓಡಿಸಿ, ಒಡೆಯುತ್ತದೇನೋ ಎಂದು ಚಾಟಿಯಿಂದ ಅದನ್ನು ಸೀಳಿ ಸೀಳಿ ನೋಡಿದರು. ಒಡೆಯಲಿಲ್ಲ. ಆದರೆ ಅದು ಮುಂದೆ ಸಾಗುವ ವೇಗ ಕಡಿಮೆ, ತನ್ನ ಸುತ್ತ ತಿರುಗುವ ವೇಗ ವಿಪರೀತ ಎಂಬುದು ಜೊತೆಯಲ್ಲೇ ಸಾಗಿದ್ದರಿಂದ ಗೊತ್ತಾಯಿತು. ಮುಂದಿನ ಶತಮಾನದಲ್ಲಿ ಕಲ್ಕತ್ತೆಯ ಹೆನ್ರಿ ಪಿಡಿಂಗ್ಟನ್ ಬಂಗಾಳ ಕೊಲ್ಲಿಯ ಹಡಗುಗಳ ದಿನಚರಿಗಳನ್ನು ಕಲೆಹಾಕಿ, ಸಮುದ್ರದ ಚಂಡಮಾರುತ ಸುತ್ತುವ ಬಗೆಯನ್ನು ಬಿಡಿಸಿಟ್ಟದ್ದೂ ಇದೇ ಜಾಡಿನಲ್ಲಿ.

ಆದರೂ ಗುಡುಗು ಮೋಡದ ಒಳಗೇನು ನಡೆಯುತ್ತದೆ ಎಂಬುದು ಎರಡನೆಯ ಮಹಾಯುದ್ಧದವರೆಗೂ ಹೆಚ್ಚುಕಡಿಮೆ ಊಹೆಯೇ ಆಗಿತ್ತು. ವಿಮಾನಗಳು ಮೋಡಕ್ಕೆ ಸಿಕ್ಕಿ ಬೀಳತೊಡಗಿದ ಮೇಲೆ ಅಮೆರಿಕ 1946ರಲ್ಲಿ ಫ್ಲಾರಿಡಾದಲ್ಲೂ 1947ರಲ್ಲಿ ಒಹಾಯೋದಲ್ಲೂ ಒಂದು ಯೋಜನೆ ಹಾಕಿತು. ಯುದ್ಧಕಾಲದ ಪಿ-61 ವಿಮಾನಗಳನ್ನು ಬೇರೆಬೇರೆ ಎತ್ತರದಲ್ಲಿ ಒಂದರ ಮೇಲೊಂದರಂತೆ ಒಂದೇ ಮೋಡದೊಳಕ್ಕೆ ನುಗ್ಗಿಸಿದರು. ಚಾಲಕರಿಗೆ ಕೊಟ್ಟ ಸೂಚನೆ ಗಮನಾರ್ಹ: ಎತ್ತರ ಕಾಯ್ದುಕೊಳ್ಳಲು ಹೆಣಗಬೇಡಿ, ಗಾಳಿ ಎತ್ತಿದರೆ ಏರಿ, ಇಳಿಸಿದರೆ ಇಳಿಯಿರಿ. ಹೀಗೆ ವಿಮಾನವೇ ಅಳತೆಯ ಉಪಕರಣವಾಯಿತು. ಅದು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದೇ ಮೋಡದೊಳಗಿನ ಗಾಳಿಯ ಲೆಕ್ಕ. ಹೊರೇಸ್ ಬೈಯರ್ಸ್ ಮತ್ತು ರಾಸ್ಕೋ ಬ್ರಹಾಂ 1949ರಲ್ಲಿ ಪ್ರಕಟಿಸಿದ ವರದಿ ಮೋಡದ ಬಾಳಿನ ಮೂರು ಘಟ್ಟಗಳನ್ನು ಗುರುತಿಸಿತು: ಮೇಲ್ಗಾಳಿ ಮಾತ್ರ ಇರುವ ಎಳೆತನ, ಮೇಲ್ಗಾಳಿ ಮತ್ತು ಕೆಳಗಾಳಿ ಎರಡೂ ಇರುವ ಪ್ರಾಯ, ಕೆಳಗಾಳಿಯಷ್ಟೇ ಉಳಿಯುವ ಮುಪ್ಪು. ಇಂದಿಗೂ ಪಾಠ ಶುರುವಾಗುವುದು ಇಲ್ಲಿಂದಲೇ. ಆ ಮೇಲ್ಗಾಳಿಯ ಬಲವನ್ನು 1959ರ ಜುಲೈ 26ರಂದು ಮೈಯಾರೆ ಉಂಡವರು ವಿಲಿಯಂ ರ್‍ಯಾಂಕಿನ್. ಎಂಜಿನ್ ಕೆಟ್ಟ ಯುದ್ಧವಿಮಾನದಿಂದ ಸುಮಾರು 47,000 ಅಡಿ ಎತ್ತರದಲ್ಲಿ ಹೊರಹಾರಿ ಅವರು ನೇರ ಗುಡುಗು ಮೋಡದೊಳಕ್ಕೆ ಬಿದ್ದರು. ಸುಮಾರು ಹತ್ತು ನಿಮಿಷದಲ್ಲಿ ನೆಲ ಮುಟ್ಟಬೇಕಾಗಿದ್ದ ದೇಹ, ಮೇಲ್ಗಾಳಿ ಮತ್ತೆಮತ್ತೆ ಎತ್ತಿ ಎಸೆದದ್ದರಿಂದ, ಸುಮಾರು 40 ನಿಮಿಷ ಮೋಡದೊಳಗೇ ತೂಗಾಡಿತು. ಆಲಿಕಲ್ಲು ಮೈಗೆ ಬಡಿಯುತ್ತಿತ್ತು, ಉಸಿರೆಳೆದರೆ ನೀರು ಒಳಹೋಗುವಷ್ಟು ದಟ್ಟ ಮಳೆ. ಅವರು ಬದುಕಿ ಬಂದು ಅದೆಲ್ಲವನ್ನೂ ದಾಖಲಿಸಿದರು.

ಈಗ ಆಕ್ಷೇಪಗಳಿಗೆ ಬರೋಣ. ಪ್ರಯಾಣಿಕರ ಮಾತು ನಂಬಲರ್ಹವಲ್ಲ, ಭಯದಲ್ಲಿ ಕಣ್ಣು ಎಲ್ಲವನ್ನೂ ದೊಡ್ಡದು ಮಾಡುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಅರ್ಧ ಸತ್ಯವಿದೆ. ಗುಡುಗು ಮೋಡದ ನೆತ್ತಿಯಿಂದ ಇನ್ನೂ ಮೇಲಕ್ಕೆ ಬೆಳಕು ಚಿಮ್ಮುವುದನ್ನು ಕಂಡಿದ್ದೇವೆಂದು ವಿಮಾನ ಚಾಲಕರು ದಶಕಗಟ್ಟಲೆ ಹೇಳುತ್ತಿದ್ದರು. ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1920ರ ದಶಕದಲ್ಲೇ ಅಂಥದ್ದು ಸಾಧ್ಯವೆಂದಿದ್ದರು. ಆದರೂ ಹೆಚ್ಚಿನವರು ನಂಬಲಿಲ್ಲ. 1989ರ ಜುಲೈ 6ರ ರಾತ್ರಿ ಮಿನೆಸೋಟಾ ವಿಶ್ವವಿದ್ಯಾಲಯದವರು ಮಂದ ಬೆಳಕಿನ ಕ್ಯಾಮೆರಾ ಒಂದನ್ನು ಪರೀಕ್ಷಿಸುತ್ತಿದ್ದಾಗ ದೂರದ ಮೋಡದ ಮೇಲೆ ಎದ್ದ ಎರಡು ಬೆಳಕಿನ ಕಂಬಗಳು ಅಕಸ್ಮಾತ್ತಾಗಿ ಸೆರೆಯಾದವು. ಇಂದು ಸ್ಪ್ರೈಟ್ ಎಂದು ಕರೆಯುವ ಈ ಕೆಂಪು ಮಿಂಚು ನೆಲದಿಂದ 50-90 ಕಿಲೋಮೀಟರ್ ಎತ್ತರದಲ್ಲಿ ಕೆಲವೇ ಮಿಲಿಸೆಕೆಂಡು ಬಾಳುತ್ತದೆ. ಚಾಲಕರು ಕಂಡದ್ದು ನಿಜವೇ ಆಗಿತ್ತು. ಅವರ ಮಾತನ್ನು ಶಾಸ್ತ್ರ ಬಳಸಿಕೊಳ್ಳಲಾಗದೆ ಹೋದದ್ದು ಚಿತ್ರವೋ ಅಳತೆಯೋ ಜೊತೆಗಿರಲಿಲ್ಲ ಎಂಬ ಕಾರಣಕ್ಕೆ. ಆಕ್ಷೇಪವನ್ನು ನಾನು ಒಪ್ಪುವುದು ಇಷ್ಟರ ಮಟ್ಟಿಗೆ: ಗಂಟೆ, ಜಾಗ, ದಿಕ್ಕು ಬರೆದಿಡದ ನೋಟ ಕಥೆಯಾಗಿ ಉಳಿಯುತ್ತದೆ, ಬರೆದಿಟ್ಟದ್ದು ಪುರಾವೆಯಾಗುತ್ತದೆ.

ಎರಡನೆಯ ಆಕ್ಷೇಪ, ರೇಡಾರ್ ಇರುವಾಗ ಕಣ್ಣು ಯಾಕೆ ಎಂಬುದು. ಭೂಮಿ ದುಂಡಗಿದೆ, ರೇಡಾರಿನ ಕಿರಣವೋ ಹೆಚ್ಚುಕಡಿಮೆ ನೇರ. ಅರ್ಧ ಡಿಗ್ರಿ ಮಾತ್ರ ಮೇಲೆತ್ತಿ ಬಿಟ್ಟ ಕಿರಣವೂ 150 ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ನೆಲದಿಂದ ಎರಡೂವರೆ ಕಿಲೋಮೀಟರ್ ಮೇಲಿರುತ್ತದೆ. ಅದರ ಕೆಳಗೆ ಆಲಿಕಲ್ಲು ಕರಗಿ ನೀರಾಯಿತೋ ಹಾಗೆಯೇ ಬಿತ್ತೋ, ಗಾಳಿ ತಗಡು ಹಾರಿಸುವಷ್ಟಿತ್ತೋ ಇಲ್ಲವೋ, ಅದಕ್ಕೆ ಕಾಣಿಸದು. ಜಗತ್ತಿನಲ್ಲೇ ದಟ್ಟವಾದ ರೇಡಾರ್ ಜಾಲಗಳಲ್ಲಿ ಒಂದನ್ನು ಹೊಂದಿರುವ ಅಮೆರಿಕದ ಹವಾಮಾನ ಸೇವೆ ಇಂದಿಗೂ ಮೂರೂವರೆ ಲಕ್ಷಕ್ಕೂ ಹೆಚ್ಚು ತರಬೇತಾದ ಸ್ವಯಂಸೇವಕರನ್ನು ನಂಬಿಕೊಂಡಿರುವುದು ಇದಕ್ಕೇ. ರೇಡಾರಿನ ಭಾಷೆಯನ್ನು ಓದಲು ಕಲಿಸಿದ್ದೂ ದಾರಿಯಲ್ಲಿದ್ದ ಕಣ್ಣುಗಳೇ. 1973ರ ಮೇ 24ರಂದು ಒಕ್ಲಹೋಮಾದ ಯೂನಿಯನ್ ಸಿಟಿಯಲ್ಲಿ ಎದ್ದ ಸುಂಟರಗಾಳಿಯನ್ನು ಸಂಶೋಧಕರ ತಂಡ ರಸ್ತೆಯಲ್ಲೇ ಹಿಂಬಾಲಿಸಿ ಚಿತ್ರೀಕರಿಸಿತು. ಆ ಚಿತ್ರದ ವೇಳೆಯನ್ನೂ ನಾರ್ಮನ್ ಊರಿನ ಡಾಪ್ಲರ್ ರೇಡಾರಿನ ದಾಖಲೆಯನ್ನೂ ತಾಳೆ ಹಾಕಿದಾಗ, ನೆಲ ಮುಟ್ಟುವ ಮೊದಲೇ ಮೋಡದೊಳಗೆ ಸುಳಿಯ ಗುರುತು ಮೂಡಿದ್ದು ತಿಳಿಯಿತು. ಮುಂದೆ ದೇಶಕ್ಕೆಲ್ಲ ಡಾಪ್ಲರ್ ರೇಡಾರ್ ಬೇಕೆಂಬ ವಾದಕ್ಕೆ ಇಂಥ ಅಧ್ಯಯನಗಳೇ ಬಲ ಕೊಟ್ಟವು.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು: ಜೀವದ ಪ್ರಶ್ನೆ. 2013ರ ಮೇ 31ರಂದು ಅಮೆರಿಕದ ಎಲ್ ರೀನೋ ಎಂಬಲ್ಲಿ ಟಿಮ್ ಸಮಾರಸ್, ಅವರ ಮಗ ಪಾಲ್, ಸಂಗಡಿಗ ಕಾರ್ಲ್ ಯಂಗ್ ಸುಂಟರಗಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅವರು ಹುಡುಗಾಟದವರಲ್ಲ, ಸುಂಟರಗಾಳಿಯ ಹಾದಿಯಲ್ಲಿ ಅಳತೆಯ ಉಪಕರಣ ಇಟ್ಟು ಬರುವುದರಲ್ಲಿ ಎಲ್ಲರಿಗಿಂತ ಪಳಗಿದವರು. ಅಂದಿನ ಸುಂಟರಗಾಳಿ 4 ಕಿಲೋಮೀಟರಿಗೂ ಹೆಚ್ಚು ಅಗಲಕ್ಕೆ ಹಿಗ್ಗಿ ದಿಕ್ಕು ಬದಲಿಸಿತು. ಈ ಸಾವುಗಳ ಮುಂದೆ ನಿಂತು, ಮೋಡದ ಬೆನ್ನುಬೀಳಿ ಎಂದು ನಾನು ಯಾರಿಗೂ ಹೇಳಲಾರೆ. ನಮ್ಮ ದೇಶದಲ್ಲಿ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2019ರಿಂದ 2022ರವರೆಗೆ ಪ್ರತಿ ವರ್ಷವೂ ಸಿಡಿಲಿಗೆ ಬಲಿಯಾದವರು 2,800ಕ್ಕಿಂತ ಹೆಚ್ಚು. ಬಹುಪಾಲು ಜನ ಹೊಲದಲ್ಲಿದ್ದವರು, ಮರದಡಿ ನಿಂತವರು. ನಾನು ಎತ್ತಿ ಹಿಡಿಯುತ್ತಿರುವುದು ಹೇಗೂ ಆ ದಾರಿಯಲ್ಲಿ ಹೋಗುತ್ತಿರುವವರ ನೋಟವನ್ನು. ಲೋಹದ ಮೈಯುಳ್ಳ ಬಸ್ಸಿನಲ್ಲೋ ರೈಲಿನಲ್ಲೋ ಕುಳಿತವರಿಗೆ ಸಿಡಿಲಿನಿಂದ ತಕ್ಕಮಟ್ಟಿನ ರಕ್ಷಣೆಯಿದೆ, ಬೈಕಿನವರಿಗೆ ಇಲ್ಲ. ಮಿಂಚಿಗೂ ಗುಡುಗಿಗೂ ನಡುವೆ ಪ್ರತಿ 3 ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಅಂತರ 30 ಸೆಕೆಂಡಿಗಿಂತ ಕಡಿಮೆಯಾದರೆ ಬಯಲು ಬಿಟ್ಟು ಗಟ್ಟಿ ಕಟ್ಟಡದ ಒಳಸೇರಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಎಣಿಸಲು ಬಲ್ಲವರಿಗೆ ಇದು ಹವ್ಯಾಸವೂ ಹೌದು, ಜೀವರಕ್ಷಣೆಯೂ ಹೌದು.

ಅಮೆರಿಕದ ಮೋಡಗಳ ಪಾಠ ನಮಗೆ ಒಗ್ಗುವುದಿಲ್ಲ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಅಲ್ಲಿನ ಬಯಲಿನಲ್ಲಿ ಎತ್ತರಕ್ಕೆ ಹೋದಂತೆ ಗಾಳಿಯ ವೇಗ, ದಿಕ್ಕು ಬಹಳ ಬದಲಾಗುವುದರಿಂದ ಮೇಲ್ಗಾಳಿಯ ದಾರಿಗೆ ಮಳೆ ಅಡ್ಡ ಬರುವುದಿಲ್ಲ, ಒಂದೇ ಮೋಡ ಗಂಟೆಗಟ್ಟಲೆ ಬಾಳುತ್ತದೆ. ನಮ್ಮ ರೇವತಿ, ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಆ ವ್ಯತ್ಯಾಸ ಸಾಮಾನ್ಯವಾಗಿ ಕಡಿಮೆ. ಮೋಡ ತನ್ನ ಮಳೆಯಿಂದಲೇ ತನ್ನ ಮೇಲ್ಗಾಳಿಯನ್ನು ನಂದಿಸಿಕೊಳ್ಳುತ್ತದೆ. ಹಿಂಬಾಲಿಸುವುದಕ್ಕೆ ಅಲ್ಲಿ ಏನೂ ಉಳಿಯುವುದಿಲ್ಲ. ಗಮನಿಸುವುದಕ್ಕೆ ಮಾತ್ರ ಬಹಳ ಇದೆ. ಚಿತ್ರದುರ್ಗದಿಂದ ಚಳ್ಳಕೆರೆಯ ಮೇಲೆ ಬಳ್ಳಾರಿಗೆ ಹೋಗುವ ರಸ್ತೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕಿಟಕಿಯಾಚೆ ನೋಡಿದರೆ ಕಣ್ಣಿಗೆ ಮರದ ಅಡ್ಡಿಯೇ ಕಡಿಮೆ. ಮೋಡದ ತಲೆ ಹೂಕೋಸಿನಂತೆ ಗಂಟುಗಂಟಾಗಿ, ಅಂಚು ಚೂಪಾಗಿ ಕಾಣುವವರೆಗೆ ಅದು ಬಹುಪಾಲು ನೀರಹನಿಗಳದ್ದು. ಆ ಅಂಚು ಮಸುಕಾಗಿ ನಾರುನಾರಾಗಿ ಬಿಚ್ಚಿಕೊಂಡು ತುದಿ ಚಪ್ಪಟೆಯಾಗತೊಡಗಿದರೆ ನೆತ್ತಿಯಲ್ಲಿ ಮಂಜುಗಡ್ಡೆ ಕಟ್ಟಿದೆ ಎಂದರ್ಥ. ಮಂಜಿನ ಹರಳುಗಳೂ ಮೆದು ಆಲಿಕಲ್ಲುಗಳೂ ಡಿಕ್ಕಿ ಹೊಡೆದೇ ವಿದ್ಯುತ್ತು ಬೇರೆಯಾಗುವುದರಿಂದ ಮಿಂಚು ಶುರುವಾಗುವ ಹೊತ್ತೂ ಹೆಚ್ಚುಕಡಿಮೆ ಅದೇ. ಕೆಳಗೆ ಗಾಳಿ ಒಣಗಿರುವ ಕಾರಣ ಬೀಳುವ ಮಳೆಯಲ್ಲಿ ಒಂದಿಷ್ಟು ದಾರಿಯಲ್ಲೇ ಆವಿಯಾಗಿ ಗಾಳಿಯನ್ನು ತಣಿಸುತ್ತದೆ. ಭಾರವಾದ ಆ ತಂಪು ಗಾಳಿ ನೆಲಕ್ಕಪ್ಪಳಿಸಿ, ಧೂಳೆಬ್ಬಿಸುತ್ತ, ಮಳೆಗಿಂತ ಎಷ್ಟೋ ಮುಂದೆ ಓಡುತ್ತದೆ. ಹಾಗೆ ಓಡುವಾಗ ಎದುರಿನ ಬಿಸಿ ಗಾಳಿಯನ್ನು ಮೇಲೆತ್ತಿ ಇನ್ನೊಂದು ಮೋಡ ಹುಟ್ಟಿಸುತ್ತದೆ. ಒಂದೂರಿನಲ್ಲಿ ಸುರಿದು, ನಡುವಿನೂರನ್ನು ಬಿಟ್ಟು, ಮೂರನೆಯದರಲ್ಲಿ ಮಳೆ ಬೀಳುವುದರ ಹಿಂದೆ ಹಲವು ಬಾರಿ ಇರುವ ಕಾರಣ ಇದು.

ಈ ತಂಪು ಗಾಳಿ ಮಳೆಗಿಂತ ಎಷ್ಟು ಕಿಲೋಮೀಟರ್ ಮುಂದಿರುತ್ತದೆ, ಎರೆನೆಲದ ಮೇಲೂ ಗುಡ್ಡಗಳ ನಡುವೆಯೂ ಒಂದೇ ರೀತಿ ಓಡುತ್ತದೆಯೇ? ಮಳೆ ಬಿದ್ದ ಜಾಗವನ್ನು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿವಾರು ಮಳೆಮಾಪಕಗಳು ಹೇಳುತ್ತವೆ, ಮಿಂಚಿನ ಜಾಗವನ್ನು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ತೋರಿಸುತ್ತದೆ. ಗಾಳಿ ಮೊದಲು ಬಂತೋ ಮಳೆಯೋ, ಎರಡರ ನಡುವೆ ಎಷ್ಟು ನಿಮಿಷ, ಆಲಿಕಲ್ಲಿನ ಗಾತ್ರವೆಷ್ಟು, ಮೋಡದ ಅಂಚು ಮಸುಕಾದದ್ದು ಎಷ್ಟು ಗಂಟೆಗೆ ಎಂಬುದನ್ನು ಆ ರಸ್ತೆಯಲ್ಲಿರುವವರೇ ಬರೆಯಬೇಕು. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ ವೇಳೆಯನ್ನೂ ಜಾಗವನ್ನೂ ತಾನಾಗಿಯೇ ದಾಖಲಿಸಿಕೊಳ್ಳಬಲ್ಲದು. ನೋಡಿದ ದಿಕ್ಕನ್ನು ಮಾತ್ರ ಕೈಯಲ್ಲಿ ಬರೆದುಕೊಳ್ಳಬೇಕು. ಮೋಡ ಎತ್ತರಕ್ಕೆದ್ದು, ಗುಡುಗದೆ, ಒಂದು ಹನಿಯೂ ಬೀಳದೆ ಕರಗಿಹೋದ ಮಧ್ಯಾಹ್ನಗಳನ್ನೂ ಬಿಡದೆ ಬರೆದಿಡಬೇಕು. ಬಿದ್ದ ದಿನಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದಾಗಲೇ, ಯಾವ ಮೋಡ ಸುರಿಯುತ್ತದೆ ಯಾವುದು ಸುರಿಯುವುದಿಲ್ಲ ಎಂದು ಮುಂಚಿತವಾಗಿ ಹೇಳಲು ದಾರಿ ಸಿಕ್ಕೀತು.