ಫಿರಂಗಿಯನ್ನು ಹೊತ್ತವರು
(ಕಂಕನಾಡಿಯ ಸಭೆಯಲ್ಲಿ ಮಾಡಿದ ಭಾಷಣ)



ಎರಡನೆಯ ಮಹಾಯುದ್ಧದಲ್ಲಿ ಜಪಾನಿಯರಿಂದ ವಶಪಡಿಸಿಕೊಂಡ ಪುಟ್ಟ ಫಿರಂಗಿ ಆಸ್ಟ್ರೇಲಿಯದ ಯುದ್ಧಸ್ಮಾರಕದ ಸಂಗ್ರಹದಲ್ಲಿದೆ. ಹೆಸರು 92ನೆಯ ಮಾದರಿ. ಜಪಾನಿ ಶಕ 2592, ಎಂದರೆ ನಮ್ಮ 1932ರದು. ಬಾಯಿಯ ಅಗಲ 70 ಮಿಲಿಮೀಟರು. ತೂಕ ಸುಮಾರು 216 ಕಿಲೋ, ಎರಡು ಕ್ವಿಂಟಾಲ್ ಅಕ್ಕಿಗಿಂತ ತುಸು ಹೆಚ್ಚು. ಕುದುರೆ ಎಳೆಯಲಾಗದ ಕಡೆ ಅದನ್ನು ಬಿಚ್ಚಿ ಸಿಪಾಯಿಗಳೇ ಹೊರಬೇಕು. ಹೊರೆಯ ಕಷ್ಟವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥ ಫಿರಂಗಿಗಳ ಸೇನೆಯನ್ನೇ 1945ರಲ್ಲಿ ಬರ್ಮಾದ ಕಂಗಾವ್‌ನಲ್ಲಿ ನಮ್ಮ ಕೊಡಗಿನ ತಿಮ್ಮಯ್ಯನವರ ಬೆಟಾಲಿಯನ್ ಎದುರಿಸಿ ಗೆದ್ದಿತು. ಮಡಿಕೇರಿಯಲ್ಲಿ ಅವರ ಮನೆ 2021ರಿಂದ ಮ್ಯೂಸಿಯಂ ಆಗಿದೆ. ಅಂದು ಗೆದ್ದ ಸಿಪಾಯಿಗೆ ಸ್ವಂತ ನಾಡಿನಲ್ಲಿ ಸ್ವಾತಂತ್ರ್ಯವಿರಲಿಲ್ಲ. ಸೋತ ಸಿಪಾಯಿಯನ್ನೂ ಯುದ್ಧ ಬೇಕೇ ಎಂದು ಯಾರೂ ಕೇಳಿರಲಿಲ್ಲ.

ಮಕ್ಕಳಿಗೆ ಮ್ಯೂಸಿಯಂ ತೋರಿಸೋಣ. ಗೆದ್ದವರ ಹೆಸರು ಹೇಳೋಣ. ಜೊತೆಗೆ, ಫಿರಂಗಿಯನ್ನು ಕಾರ್ಖಾನೆಯಲ್ಲಿ ಮಾಡಿದವರು ಯಾರು, ಬೆಟ್ಟ ಹತ್ತಿಸಿದವರು ಯಾರು, ಅದರ ಗುಂಡಿಗೆ ಸತ್ತವರು ಯಾರು ಎಂದು ಕೇಳುವುದನ್ನೂ ಕಲಿಸೋಣ. ಮೂರಕ್ಕೂ ಉತ್ತರ ಒಂದೇ: ನಮ್ಮಂತೆಯೇ ದುಡಿದು ಉಣ್ಣುವ ಜನ.