ಒಂದೇ ಹೋರಾಟ, ಬೇರೆ ಬೇರೆ ಬೆಲೆ
(ಜುಮಾ ಖುತ್ಬಾದ ಸಾರಾಂಶ)



ಅನ್ಯಾಯದ ಕಾನೂನನ್ನು ಮುರಿದು ಜೈಲಿಗೆ ಹೋದರೆ ಸಿಗುವುದಾದರೂ ಏನು ಎಂದು ನಮ್ಮ ಹುಡುಗರು ಕೇಳುತ್ತಾರೆ. ಸೃಷ್ಟಿಕರ್ತನ ಆಜ್ಞೆಯನ್ನು ಮೀರಿ ಯಾವ ಸೃಷ್ಟಿಗೂ ವಿಧೇಯರಾಗಬೇಕಿಲ್ಲ ಎಂಬುದು ಪ್ರವಾದಿ(ಸ)ರ ಬೋಧನೆ. ಅದನ್ನು ನಂಬಿದವರಿಗೂ ಈ ಪ್ರಶ್ನೆ ಬರುತ್ತದೆ, ಬರಲಿ. ಒಂದೇ ಮಾತಿನ ಉತ್ತರ ನಮ್ಮಲ್ಲಿಲ್ಲ. ಪೇಶಾವರದ ಕಡೆಗೆ ನೋಡೋಣ.

ಖಾನ್ ಅಬ್ದುಲ್ ಗಫಾರ್ ಖಾನರು 1929ರಲ್ಲಿ ಖುದಾಯಿ ಖಿದ್ಮತ್‌ಗಾರ್ ಸಂಘಟನೆಯನ್ನು ಕಟ್ಟಿದರು. ಸೇಡು ತೀರಿಸುವುದೇ ಮರ್ಯಾದೆ ಎಂದು ಬೆಳೆದ ಪಠಾಣರು, ಹೊಡೆದರೂ ತಿರುಗಿ ಹೊಡೆಯುವುದಿಲ್ಲ ಎಂದು ಅಲ್ಲಾಹನ ಹೆಸರಿನಲ್ಲಿ ಪ್ರಮಾಣ ಮಾಡಿದರು. ಸಬ್ರ್ ಅವರ ಆಯುಧವಾಯಿತು. ಉಪ್ಪಿನ ಸತ್ಯಾಗ್ರಹದ ದಿನಗಳು. 1930ರ ಏಪ್ರಿಲ್ 23ರಂದು ಖಾನರ ಬಂಧನವಾಯಿತು. ಅದೇ ದಿನ ಪೇಶಾವರದ ಕಿಸ್ಸಾ ಖ್ವಾನಿ ಬಝಾರಿನಲ್ಲಿ ಬರಿಗೈಯಲ್ಲಿ ನಿಂತ ಜನರ ಮೇಲೆ ಗುಂಡು ಹಾರಿತು. ಸತ್ತವರ ಲೆಕ್ಕ ಇಂದಿಗೂ ಒಂದಾಗಿಲ್ಲ.

ಗಢವಾಲ್ ರೈಫಲ್ಸ್‌ನ ಸೈನಿಕರು ಮಾತ್ರ ಗುಂಡು ಹಾರಿಸಲು ಒಪ್ಪಲಿಲ್ಲ. ಅವರು ಹಿಂದೂಗಳು, ಎದುರಿಗಿದ್ದವರು ಮುಸ್ಲಿಮರು. ಅವರ ಮುಂದಾಳು ಚಂದ್ರಸಿಂಗ್ ಗಢವಾಲಿಗೆ ಜೀವಾವಧಿ ಶಿಕ್ಷೆಯಾಯಿತು.

1931ರ ಮಾರ್ಚಿನಲ್ಲಿ ಗಾಂಧಿ-ಇರ್ವಿನ್ ಒಪ್ಪಂದವಾಯಿತು. ಸತ್ಯಾಗ್ರಹಿಗಳು ಬಿಡುಗಡೆಯಾದರು, ಕರಾವಳಿಯ ಹಳ್ಳಿಗರಿಗೆ ಉಪ್ಪು ಮಾಡಿಕೊಳ್ಳಲು ಅವಕಾಶ ಸಿಕ್ಕಿತು. ಆದರೆ ಆಜ್ಞೆ ಮೀರಿದ ಸೈನಿಕರು ಆ ಕ್ಷಮಾದಾನದಲ್ಲಿ ಸೇರಲಿಲ್ಲ. ಚಂದ್ರಸಿಂಗ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದರು. ಇದನ್ನು ಓದುವಾಗ ನಮಗೆ ಮುಜುಗರವಾಗುತ್ತದೆ. ಅತಿ ಕಷ್ಟದ ಕೆಲಸ ಮಾಡಿದವನೇ ಹೊರಗುಳಿದ. ನಮ್ಮ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರಗಳಲ್ಲೂ ಕರ ಕೊಡದ ರೈತರು ಜಮೀನು ಕಳೆದುಕೊಂಡರು.

ಹಾಗೆಂದು ಫಲವೇ ಇರಲಿಲ್ಲವೆನ್ನಲಾಗದು. 1932ರಲ್ಲಿ ಸರಹದ್ದು ಪ್ರಾಂತಕ್ಕೆ ಶಾಸನಸಭೆ ಬಂತು. 1937ರಲ್ಲಿ ಗಫಾರ್ ಖಾನರ ಅಣ್ಣ ಡಾ. ಖಾನ್ ಸಾಹೇಬರೇ ಅಲ್ಲಿ ಸರಕಾರ ರಚಿಸಿದರು.

ಅದೇ ಜನ, ಅದೇ ಶಿಸ್ತು. 1948ರ ಆಗಸ್ಟ್ 12ರಂದು ಚಾರ್‌ಸದ್ದಾ ಬಳಿಯ ಬಾಬ್ರಾದಲ್ಲಿ ಅವರ ಮೇಲೆ ಗುಂಡು ಹಾರಿತು. ಈ ಬಾರಿ ಹಾರಿಸಿದ್ದು ಪಾಕಿಸ್ತಾನದ, ಅಂದರೆ ಮುಸ್ಲಿಮರದೇ ಸರಕಾರ. ಸಂಘಟನೆ ನಿಷೇಧಕ್ಕೊಳಗಾಯಿತು, ಖಾನರು ಮತ್ತೆ ವರ್ಷಗಟ್ಟಲೆ ಜೈಲಿನಲ್ಲಿದ್ದರು. 1930ರಲ್ಲಿ ಇಡೀ ದೇಶ ಅವರ ಬೆನ್ನಿಗಿತ್ತು. 1948ರಲ್ಲಿ ದೇಶದ್ರೋಹಿಗಳೆಂಬ ಹಣೆಪಟ್ಟಿ ಹೊತ್ತು ಅವರು ಒಂಟಿಯಾಗಿದ್ದರು. ಸಬ್ರ್ ಕಡಿಮೆಯಾಗಿರಲಿಲ್ಲ, ಜೊತೆಗಾರರು ಕಡಿಮೆಯಾಗಿದ್ದರು ಎಂದೇ ನಮಗೆ ತೋರುತ್ತದೆ.

ಆದುದರಿಂದ ಹುಡುಗರನ್ನು ಬೀದಿಗೆ ಕರೆಯುವ ಹಿರಿಯರಲ್ಲಿ ನಾವೂ ಒಂದು ಮಾತು ಕೇಳುತ್ತೇವೆ. ಬಂಧನವಾದರೆ ವಕೀಲರು ಯಾರು? ದಿನಗೂಲಿಯವನ ಮನೆಗೆ ಅಕ್ಕಿ ತಲುಪಿಸುವವರು ಯಾರು? ಮೊಕದ್ದಮೆ ಐದು ವರ್ಷ ನಡೆದರೆ, ಐದನೇ ವರ್ಷದಲ್ಲೂ ಕೋರ್ಟಿನ ಬಾಗಿಲಲ್ಲಿ ಅವನ ಜೊತೆ ನಿಲ್ಲುವವರು ಯಾರು? ಜಮಾಅತಿನ ಮುಂದಿನ ಸಭೆಯಲ್ಲಿ ಈ ಹೆಸರುಗಳನ್ನು ಬರೆದಿಡೋಣ.