ತಗಡಿನ ಯಂತ್ರಮಾನವ
(ಶಾಲೆಯ ವಿಜ್ಞಾನ ಸಂಘದಲ್ಲಿ ಮಾಡಿದ ಭಾಷಣ)



ಮೇಜಿನ ಮೇಲೆ ನಿಂತಿರುವ ಈ ತಗಡಿನ ಯಂತ್ರಮಾನವನು 1960ರ ದಶಕದಲ್ಲಿ ಜಪಾನಿನಲ್ಲಿ ತಯಾರಾದ ಆಟಿಕೆ. ನನ್ನ ಸೋದರಮಾವನವರು ಬಾಲ್ಯದಿಂದ ಕಾಪಾಡಿಕೊಂಡು ಬಂದು ನನಗೆ ಕೊಟ್ಟರು. ಇವನ ಬೆನ್ನಿನ ತಗಡು ಒಂದು ಮೂಲೆಯಲ್ಲಿ ಸಡಿಲವಾಗಿರುವುದನ್ನು ಮುಂದಿನ ಸಾಲಿನವರು ಕಂಡಿರಬಹುದು. ಅದು ಕಾಲ ಮಾಡಿದ ಕೆಡುಕಲ್ಲ, ನಾನು ಮಾಡಿದ್ದು. ಅದು ಹೇಗಾಯಿತೆಂಬುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಇವನ ಕುಲದ ವಿಚಾರ. 'ರೋಬಾಟ್' ಎಂಬ ಮಾತು ಚೆಕ್ ಲೇಖಕ ಕರೆಲ್ ಚಾಪೆಕನು 1920ರಲ್ಲಿ ಪ್ರಕಟಿಸಿದ ನಾಟಕದಿಂದ ಲೋಕಕ್ಕೆ ಬಂದಿತು. ಆ ಭಾಷೆಯಲ್ಲಿ 'ರೊಬೊಟ' ಎಂದರೆ ಬಿಟ್ಟಿ ದುಡಿಮೆ. ಆಟಿಕೆಯ ಕಥೆಯಾದರೋ ಬಡತನದಿಂದ ಮೊದಲಾಗುತ್ತದೆ. 1945ರಲ್ಲಿ ಜಪಾನ್ ಯುದ್ಧದಲ್ಲಿ ಸೋತು ಹಾಳಾಗಿದ್ದಾಗ, ಓತ್ಸು ಪಟ್ಟಣದ ಕೊಸುಗೆ ಮಾತ್ಸುಜೋ ಎಂಬವರು ಖಾಲಿ ಡಬ್ಬಿಗಳ ತಗಡಿನಿಂದ ಆಟದ ಜೀಪುಗಳನ್ನು ಮಾಡಿದರು. ಮುಂದೆ ತಗಡಿನ ಆಟಿಕೆಗಳು ಜಪಾನಿನಿಂದ ಹಡಗೇರಿ ದೇಶದೇಶಗಳಿಗೆ ಹೋದವು. 1956ರಲ್ಲಿ ಅಮೆರಿಕದ ಚಲನಚಿತ್ರವೊಂದರಲ್ಲಿ ರಾಬಿ ಎಂಬ ಯಂತ್ರಮಾನವನು ಕಾಣಿಸಿಕೊಂಡ ಮೇಲೆ ಆ ರೂಪದ ಆಟಿಕೆಗಳೂ ಬಂದವು. ನೊಮುರಾ, ಹೊರಿಕಾವ, ಯೊನೆಜಾವ, ಮಸುದಾಯ ಮೊದಲಾದ ಕಂಪನಿಗಳು ಈ ಕಸಬಿನಲ್ಲಿ ಹೆಸರಾದವು.

ಅವರ ಕೆಲಸದ ರೀತಿಯನ್ನು ಗಮನಿಸಿರಿ. ಚಪ್ಪಟೆ ತಗಡಿನ ಮೇಲೆಯೇ ಬಣ್ಣಗಳನ್ನು ಮುದ್ರಿಸಿ, ಬಳಿಕ ಅದನ್ನು ಅಚ್ಚಿನಲ್ಲಿ ಒತ್ತಿ ಆಕಾರ ಕೊಡುತ್ತಿದ್ದರು. ಅಂಚಿನ ಪುಟ್ಟ ನಾಲಗೆಗಳನ್ನು ಎದುರು ತಗಡಿನ ಸೀಳುಗಳಲ್ಲಿ ತೂರಿಸಿ ಮಡಿಚಿದರೆ ಮೈ ಕೂಡಿಕೊಳ್ಳುತ್ತಿತ್ತು. ಒಳಗೆ ತಲಾ ಒಂದೂವರೆ ವೋಲ್ಟಿನ ಎರಡು ಸೆಲ್ಲುಗಳು ಪುಟ್ಟ ಮೋಟಾರನ್ನು ತಿರುಗಿಸುತ್ತವೆ. ಹಲ್ಲುಗಾಲಿಗಳು ವೇಗವನ್ನು ತಗ್ಗಿಸಿ, ಬಲವನ್ನು ಹೆಚ್ಚಿಸಿ, ಕಾಲುಗಳನ್ನು ಸರದಿಯಂತೆ ಮುಂದಕ್ಕೆ ತಳ್ಳುತ್ತವೆ.

ನನ್ನ ಕೈಗೆ ಬಂದಾಗ ಇವನು ನಡೆಯುತ್ತಿರಲಿಲ್ಲ. ಮೋಟಾರೇ ಕೆಟ್ಟಿದೆಯೆಂದು ತೀರ್ಮಾನಿಸಿ, ಇಕ್ಕಳದಿಂದ ಬೆನ್ನಿನ ನಾಲಗೆಗಳನ್ನು ಎತ್ತತೊಡಗಿದೆ. ತಗಡನ್ನು ಮಡಿಚಿದಾಗಲೂ ಬಿಡಿಸಿದಾಗಲೂ ಆ ಜಾಗ ಗಡಸಾಗಿ ಪೆಡಸಾಗುತ್ತದೆ. ಒಂದು ನಾಲಗೆ ಟಪ್ಪೆಂದು ಮುರಿದು ಕೈಗೆ ಬಂತು. ಒಳಗೆ ನೋಡಿದರೆ ಮೋಟಾರು ಸರಿಯಾಗಿಯೇ ಇತ್ತು! ದೋಷವಿದ್ದುದು ಸೆಲ್ಲಿನ ಗೂಡಿನಲ್ಲಿ, ಎಳ್ಳುಕಾಳಿನಷ್ಟು ಕಿಲುಬು.

ಆದ್ದರಿಂದ ವಿದ್ಯಾರ್ಥಿಗಳೇ, ಮೊದಲು ಹೊರಗಿನದನ್ನು ಪರೀಕ್ಷಿಸಿರಿ. ಹಳೆಯ ಸೆಲ್ಲಿನ ಸತುವಿನ ಕವಚ ಸವೆದು ತೂತಾದಾಗ ಒಳಗಿನ ದ್ರವ ಸೋರಿ ಲೋಹವನ್ನು ತಿನ್ನುತ್ತದೆ. ಆ ದ್ರವ ಆಮ್ಲೀಯ. ಅದಕ್ಕೆ ಅಡಿಗೆ ಸೋಡದ ನೀರಿನಲ್ಲಿ ಅದ್ದಿದ ಹತ್ತಿ ಸಾಕು. ಈಗಿನ ಆಲ್ಕಲೈನ್ ಸೆಲ್ಲು ಸೋರಿದ್ದರೆ ಅದು ಕ್ಷಾರ. ಅದಕ್ಕೆ ಹನಿ ವಿನಿಗರ್ ಬೇಕು. ಹಿರಿಯರೊಬ್ಬರು ಜೊತೆಗಿರಲಿ, ಕೈಗೆ ಗವಸಿರಲಿ, ಮುದ್ರಿಸಿದ ಬಣ್ಣಕ್ಕೆ ಏನೂ ತಗಲದಿರಲಿ. ಚೆನ್ನಾಗಿ ಒರೆಸಿ ಒಣಗಿಸಿ, ನಯವಾದ ಮರಳುಕಾಗದದಿಂದ ತಗಡಿನ ಪಟ್ಟಿಯನ್ನು ಮೆಲ್ಲಗೆ ಉಜ್ಜಿ, ಹೊಸ ಸೆಲ್ಲುಗಳನ್ನು ಗುರುತು ನೋಡಿ ಹಾಕಿರಿ. ಆಟ ಮುಗಿದ ಮೇಲೆ ಮರೆಯದೆ ಹೊರತೆಗೆಯಿರಿ. ಮೈಯನ್ನು ಬಿಚ್ಚುವುದು ಕಟ್ಟಕಡೆಯ ಉಪಾಯ.

ಎದೆಯ ಮೇಲೆ ಬಣ್ಣ ಹೋದ ಗೆರೆಗಳಿವೆ. ಹೊಸ ಬಣ್ಣ ಬಳಿಯಬಾರದೇ ಎಂದು ಕೆಲವರು ಕೇಳಿದರು. ನಾನು ಒಪ್ಪಲಿಲ್ಲ. ಅವು ನನ್ನ ಮಾವನವರು ಹುಡುಗನಾಗಿ ಆಡಿದ ಗುರುತುಗಳು. ಅವನ್ನು ಅಳಿಸಿದರೆ ಗೊಂಬೆ ಹೊಸದಾದೀತು, ಅವರ ಬಾಲ್ಯ ಮರೆಯಾದೀತು. ಯಾವುದನ್ನು ಸರಿಪಡಿಸಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬ ವಿವೇಕವೇ ರಿಪೇರಿಯ ಅರ್ಧ ವಿದ್ಯೆ. ಆ ಪಾಠಕ್ಕೆ ನಾನು ತೆತ್ತ ಬೆಲೆ ಒಂದು ನಾಲಗೆ. ನೀವು ಅದನ್ನು ಬರಿದೆ ಕೇಳಿ ಕಲಿಯಿರಿ.

ಈಗ ಗುಂಡಿಯನ್ನು ಒತ್ತುತ್ತೇನೆ. ಇವನು ನಿಮ್ಮ ಕಡೆಗೇ ನಡೆದು ಬರುತ್ತಾನೆ.